ಹೊಟ್ಟೆಯಿಂದ ಹಾಡು

ಸಂಗೀತ ಪಾಠಕ್ಕೆ ಹೋದವರಿಗೆಲ್ಲ ಈ ಮಾತು ಗೊತ್ತು. "ಬರೀ ಗಂಟಲಲ್ಲಿ ಹಾಡಬೇಡ, ಹೊಟ್ಟೆಯಿಂದ ಹಾಡು." ಹೇಳುವಾಗ ಮೇಷ್ಟ್ರು ಹೊಕ್ಕುಳ ಮೇಲೆ ಕೈ ಇಟ್ಟು ತೋರಿಸುತ್ತಾರೆ. ಮಕ್ಕಳು ಕಿಸಕ್ಕನೆ ನಗುತ್ತವೆ. ಹೊಟ್ಟೆಯಿಂದ ಯಾವ ಸದ್ದು ಬರುತ್ತೆ ಅಂತ ಅವಕ್ಕೆ ಚೆನ್ನಾಗಿ ಗೊತ್ತಲ್ವಾ!

ಈ ಮಾತು ಇವತ್ತಿನದಲ್ಲ. ವೇದದ ಉಚ್ಚಾರ ಕಲಿಸುವ ಹಳೆಯ ಶಿಕ್ಷಾ ಗ್ರಂಥಗಳಲ್ಲೂ ಇದರ ಬೇರು ಇದೆ. ಆದರೆ ಇದನ್ನು ಸಂಗೀತದ ಬುಡಕ್ಕೇ ತಂದು, ವಿವರವಾಗಿ, ಹೆಚ್ಚೂಕಮ್ಮಿ ನಕ್ಷೆ ಹಾಕಿದಂತೆ ಬರೆದಿಟ್ಟವನು 13ನೇ ಶತಮಾನದ ಶಾರ್ಙ್ಗದೇವ. ಪುಸ್ತಕ 'ಸಂಗೀತರತ್ನಾಕರ'. ಅವನ ಅಜ್ಜ ಭಾಸ್ಕರ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು, ಅಪ್ಪ ಸೋಢಲ ದೇವಗಿರಿಯ ಸೇವುಣ ರಾಜರ ಆಶ್ರಯ ಸೇರಿದ. ಮಗ ಶಾರ್ಙ್ಗದೇವ, ರಾಜ ಸಿಂಘಣನ ಕಾಲಕ್ಕೆ ಶ್ರೀಕರಣದ ಮುಖ್ಯಸ್ಥನಾಗಿದ್ದ. ಅಂದರೆ ರಾಜ್ಯದ ಲೆಕ್ಕಪತ್ರ ನೋಡಿಕೊಳ್ಳುವ ದೊಡ್ಡ ಸಾಹೇಬ. ಜತೆಗೆ ವೈದ್ಯವೂ ಬರುತ್ತಿತ್ತು. ದೇವಗಿರಿ ಅಂದರೆ ಇವತ್ತಿನ ದೌಲತಾಬಾದ್. ಊರು ಮಹಾರಾಷ್ಟ್ರದಲ್ಲಿದ್ದರೂ ಸೇವುಣರ ಶಾಸನಗಳು ಕನ್ನಡದಲ್ಲಿ ರಾಶಿ ರಾಶಿ ಸಿಗುತ್ತವೆ.

ಸಂಗೀತದ ಪುಸ್ತಕ, ಮೊದಲ ಅಧ್ಯಾಯ ಸ್ವರದ್ದು, ಸರಿ ಸ ರಿ ಗ ಮ ಇರುತ್ತೆ ಅಂತ ತೆರೆದರೆ ನಮಗೆ ಎದುರಾಗೋದು ಬಸಿರು! ಗರ್ಭದಲ್ಲಿ ಮಗು ತಿಂಗಳು ತಿಂಗಳಿಗೆ ಹೇಗೆ ಬೆಳೆಯುತ್ತೆ, ಬಸುರಿಯ ಬಯಕೆ ಯಾಕೆ ತೀರಿಸಬೇಕು, ಮೈಯಲ್ಲಿ ಎಲುಬು ಎಷ್ಟು, ನಾಡಿ ಎಲ್ಲೆಲ್ಲಿ ಹರಿಯುತ್ತವೆ, ಎಲ್ಲಾ ಇದೆ. ನಾದ ಹುಟ್ಟೋದು ಮೈಯಿಂದ, ಹಾಗಾದರೆ ಮೊದಲು ಮೈ ಹುಟ್ಟಿದ್ದು ಹೇಗೆ ಅಂತ ಹೇಳಬೇಕಲ್ಲ, ಇದು ಅವನ ವಾದ. ಲೆಕ್ಕದವನು ಆರಂಭದ ಶಿಲ್ಕು ಬರೆಯದೆ ಮುಂದೆ ಹೋಗೋದಿಲ್ಲ.

ಆಮೇಲೆ ಚಕ್ರಗಳು, ಅಂದರೆ ಮೈಯೊಳಗೆ ತಾವರೆಯ ಹಾಗೆ ದಳ ಬಿಚ್ಚಿಕೊಂಡಿವೆ ಅಂತ ಯೋಗಿಗಳು ಹೇಳುವ ಕೇಂದ್ರಗಳು. ಇಲ್ಲಿ ನನಗೆ ಅವನ ಮೇಲೆ ಪ್ರೀತಿ ಬರುತ್ತೆ. ಚಕ್ರಗಳನ್ನು ಬಹಳ ಜನ ವರ್ಣಿಸಿದ್ದಾರೆ. ಇವನು ಮಾತ್ರ ಯಾವ ದಳದಿಂದ ಹಾಡಿಗೆ ಲಾಭ, ಯಾವುದರಿಂದ ನಷ್ಟ ಅಂತ ಪಟ್ಟಿ ಹಾಕುತ್ತಾನೆ. ಎದೆಯಲ್ಲಿರುವ ಅನಾಹತ ಚಕ್ರಕ್ಕೆ 12 ದಳ. ಜೀವ 1, 8, 11, 12ನೇ ದಳದಲ್ಲಿ ನೆಲೆಸಿದರೆ ಹಾಡು ಸಿದ್ಧಿಸುತ್ತದೆ. 4, 6, 10ರಲ್ಲಿ ಇದ್ದರೆ ಹಾಡು ಹಾಳು. ಗಂಟಲಿನ ವಿಶುದ್ಧಿ ಚಕ್ರಕ್ಕೆ 16 ದಳ, ಅದರಲ್ಲಿ 8ರಿಂದ 15ರವರೆಗಿನ ಎಂಟು ಒಳ್ಳೆಯವು, ಆದರೆ ಕೊನೆಯ 16ನೆಯದು ಕೆಟ್ಟದ್ದು. ಕಚೇರಿ ಕೆಟ್ಟ ದಿನ ಮೈಕಿನವನನ್ನು ಬೈಯುವ ಬದಲು "ಇವತ್ತು ಜೀವ ನಾಲ್ಕನೇ ದಳದಲ್ಲಿ ಕೂತಿತ್ತು ಸ್ವಾಮಿ" ಅಂತ ಹೇಳಿ ಎದ್ದು ಹೋಗಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅವನು ಯೋಗದ ಕಡೆಗೇ ಹೊರಟ ಅನ್ನಿಸುತ್ತದೆ. ಇಲ್ಲ. ಕೊಳಕು ತುಂಬಿದ ಈ ಮೈಯಿಂದಲೇ ಬುದ್ಧಿವಂತರು ಭೋಗವನ್ನೂ ಮುಕ್ತಿಯನ್ನೂ ಸಾಧಿಸುತ್ತಾರೆ, ಅದಕ್ಕೆ ಧ್ಯಾನ ಬೇಕು, ಆದರೆ ಧ್ಯಾನ ಜನರಿಗೆ ಸುಲಭವಲ್ಲ ಅನ್ನುತ್ತಾನೆ. ಅದಕ್ಕಿಂತ ಸುಲಭದ ದಾರಿ ಅಂತ ಮುನಿಗಳು ಅನಾಹತ ನಾದವನ್ನು, ಅಂದರೆ ಏನೂ ತಾಗದೆ ಒಳಗೇ ಮೊಳಗುವ ನಾದವನ್ನು, ಗುರು ತೋರಿಸಿದಂತೆ ಉಪಾಸನೆ ಮಾಡುತ್ತಾರೆ. ಆಯ್ತಾ? ಮುಂದಿನ ಮಾತು ಕೇಳಿ: ಆದರೆ ಅದರಲ್ಲಿ ರಕ್ತಿ ಇಲ್ಲ, ಜನರ ಮನಸ್ಸಿಗೆ ಅದು ಹಿಡಿಸುವುದಿಲ್ಲ! ಆದ್ದರಿಂದ ನಾವು ಆಹತ ನಾದದ ಮಾತಾಡೋಣ, ಕಿವಿಗೆ ಬೀಳುವಂಥದ್ದು, ಅದು ಜನರನ್ನೂ ರಂಜಿಸುತ್ತದೆ, ಸಂಸಾರದ ಕಟ್ಟನ್ನೂ ಬಿಡಿಸುತ್ತದೆ. ಒಳಗಿನ ನಾದವನ್ನು ಕೈಮುಗಿದು ಮುನಿಗಳಿಗೆ ಬಿಟ್ಟು, ಕೇಳುವ ಜನರ ಕಡೆ ತಿರುಗಿ ಕೂತ. ಇಡೀ ಪುಸ್ತಕದಲ್ಲಿ ನನಗೆ ಇಷ್ಟವಾದ ಜಾಗ ಇದು.

ಈಗ ಹೊಟ್ಟೆಯ ವಿಷಯ. ಆತ್ಮಕ್ಕೆ ಏನೋ ಹೇಳಬೇಕು ಅನ್ನಿಸುತ್ತದೆ. ಅದು ಮನಸ್ಸನ್ನು ತಟ್ಟುತ್ತದೆ. ಮನಸ್ಸು ಮೈಯೊಳಗಿನ ಬೆಂಕಿಯನ್ನು ಕೆಣಕುತ್ತದೆ, ಬೆಂಕಿ ಗಾಳಿಯನ್ನು ಎಬ್ಬಿಸುತ್ತದೆ, ಗಾಳಿ ಕೆಳಗಿನ ಬ್ರಹ್ಮಗ್ರಂಥಿ ಅನ್ನೋ ಗಂಟಿನಿಂದ ಹೊರಟು ಹೊಕ್ಕುಳು, ಎದೆ, ಗಂಟಲು, ನೆತ್ತಿ, ಬಾಯಿ ಹೀಗೆ ಒಂದೊಂದೇ ನಿಲ್ದಾಣದಲ್ಲಿ ಸದ್ದು ಮಾಡುತ್ತಾ ಬರುತ್ತದೆ. ಹೊಕ್ಕುಳಲ್ಲಿ ಅದು ಅತಿಸೂಕ್ಷ್ಮ, ಎದೆಯಲ್ಲಿ ಸೂಕ್ಷ್ಮ, ಗಂಟಲಲ್ಲಿ ಪುಷ್ಟ. ಬಾಯಿಗೆ ಬಂದಾಗ? ಕೃತ್ರಿಮ. ಬಾಯಿಮಾತಿಗೆ ಇದಕ್ಕಿಂತ ಒಳ್ಳೆ ಸರ್ಟಿಫಿಕೇಟು ಬೇಕಾ!

ಉಸಿರೂ ಬೆಂಕಿಯೂ ಸೇರಿದ್ದೇ ನಾದ ಅನ್ನೋ ಈ ಮಾತು ಆಮೇಲೂ ಸಾಯಲಿಲ್ಲ. ಸುಮಾರು ಐದೂವರೆ ಶತಮಾನ ಕಳೆದ ಮೇಲೆ ತ್ಯಾಗರಾಜರು ಸಾರಮತಿ ರಾಗದ 'ಮೋಕ್ಷಮು ಗಲದಾ' ಕೃತಿಯಲ್ಲಿ ಅದನ್ನೇ ಇಟ್ಟರು: ಪ್ರಾಣ ಮತ್ತು ಅನಲ ಸೇರಿ ಪ್ರಣವನಾದವಾಗಿ, ಅದು ಸಪ್ತಸ್ವರವಾಯಿತು ಅಂತ. ಕಚೇರಿಯಲ್ಲಿ ಈ ಹಾಡಿಗೆ ತಲೆದೂಗುವ ನಾವು ಸೇವುಣರ ಲೆಕ್ಕಾಧಿಕಾರಿಗೂ ಒಂದಿಷ್ಟು ತಲೆದೂಗಿದಂತೆ.

ಎದೆಯಲ್ಲಿ ಅಡ್ಡಡ್ಡವಾಗಿ 22 ನಾಡಿಗಳಿವೆ, ಗಾಳಿ ತಾಗಿದಾಗ ಒಂದಕ್ಕಿಂತ ಒಂದು ಎತ್ತರದ 22 ಶ್ರುತಿ, ಅಂದರೆ ಸ್ವರಕ್ಕಿಂತ ಸಣ್ಣ ಸಣ್ಣ ಮೆಟ್ಟಿಲು, ಹೊರಡುತ್ತವೆ, ಗಂಟಲಲ್ಲೂ ನೆತ್ತಿಯಲ್ಲೂ ಹೀಗೇ ಅಂತ ಅವನು ಹೇಳುತ್ತಾನೆ. ಎದೆ ಕೊಯ್ಯುವ ಯಾವ ಡಾಕ್ಟರಿಗೂ ಈ ನಾಡಿಗಳು ಸಿಗಲಾರವು. ಆದರೆ ಅವನು ನಂಬಿ ಅಂತ ಸುಮ್ನೆ ಬಿಡಲಿಲ್ಲ. ಸ್ಪಷ್ಟವಾಗಲಿ ಅಂತ ಎರಡು ವೀಣೆ ತರಿಸಿದ. ಎರಡಕ್ಕೂ 22 ತಂತಿ. ಮೊದಲ ತಂತಿಯನ್ನು ಆದಷ್ಟು ಕೆಳಗಿನ ಸದ್ದಿಗೆ ಕಟ್ಟಬೇಕು. ಎರಡನೆಯದು ಚೂರು ಮೇಲೆ, ಎಷ್ಟು ಚೂರು ಅಂದರೆ ನಡುವೆ ಇನ್ನೊಂದು ಸದ್ದಿಗೆ ಜಾಗ ಇರಬಾರದು. ಹೀಗೇ ಕೊನೆವರೆಗೆ. ಒಂದು ವೀಣೆಯನ್ನು ಮುಟ್ಟಬಾರದು, ಇನ್ನೊಂದನ್ನು ಒಂದೊಂದೇ ಶ್ರುತಿ ಇಳಿಸುತ್ತಾ ಬರಬೇಕು. ಎರಡನೇ ಸಲ ಇಳಿಸಿದಾಗ ಇದರ ಗಾಂಧಾರ, ನಿಷಾದ ಹೋಗಿ ಅದರ ರಿಷಭ, ಧೈವತಕ್ಕೆ ಸೇರುತ್ತವೆ. ಮೂರನೇ ಸಲ ರಿಷಭ, ಧೈವತ ಹೋಗಿ ಷಡ್ಜ, ಪಂಚಮಕ್ಕೆ. ನಾಲ್ಕನೇ ಸಲ ಷಡ್ಜ, ಮಧ್ಯಮ, ಪಂಚಮ ತಮ್ಮ ಕೆಳಗಿನವಕ್ಕೆ ಸೇರುತ್ತವೆ. ಎರಡು ಸ್ವರಕ್ಕೆ ಎರಡೆರಡು ಶ್ರುತಿ, ಇನ್ನೆರಡಕ್ಕೆ ಮೂರುಮೂರು, ಉಳಿದ ಮೂರಕ್ಕೆ ನಾಲ್ಕುನಾಲ್ಕು, ಕೂಡಿಸಿ ನೋಡಿ, 22 ತಾಳೆಯಾಗುತ್ತದೆ. ಪ್ರಯೋಗ ಮೂಲತಃ ನಾಟ್ಯಶಾಸ್ತ್ರದ ಭರತನದ್ದು. ಆದರೆ ಕಾಣದ ನಾಡಿಯ ಪಕ್ಕದಲ್ಲೇ ಕೇಳಿಸುವ ತಂತಿ ಇಟ್ಟದ್ದು ನನಗೆ ಬಹಳ ಹಿಡಿಸಿತು.

ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಕಾಲದ ಕಲ್ಲಿನಾಥ ಈ ಪುಸ್ತಕಕ್ಕೆ 'ಕಲಾನಿಧಿ' ಅಂತ ವ್ಯಾಖ್ಯಾನ ಬರೆದ. ಹೀಗೆ ಅದು ನಮ್ಮ ಕಡೆಗೂ ಚೆನ್ನಾಗಿಯೇ ಬಂದು ನಿಂತಿತು.

ಇನ್ನು ಹಾಡುಗಾರರ ದೋಷಗಳು. ಒಟ್ಟು 25. ಹಲ್ಲು ಕಚ್ಚಿಕೊಂಡು ಹಾಡುವವನು, ಕಿರುಚುವವನು, ಬಾಯನ್ನು ಗುಹೆಯ ಹಾಗೆ ತೆರೆಯುವವನು, ಕಾಗೆ ದನಿಯವನು, ಒಂಟೆಯ ಹಾಗೆ ಕೊರಳು ಎತ್ತುವವನು, ಹಣೆ ಕತ್ತಿನ ನರ ಉಬ್ಬಿಸುವವನು, ಸೋರೆಬುರುಡೆಯ ಹಾಗೆ ಕೆನ್ನೆ ಊದಿಸುವವನು, ಮೂಗಲ್ಲಿ ಹಾಡುವವನು. ಪಟ್ಟಿ ಓದುತ್ತಾ ಹೋದರೆ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬರುತ್ತೆ, ಹೆಸರು ಹೇಳುವ ಧೈರ್ಯ ನನಗಿಲ್ಲ. ಅದರಲ್ಲೇ ಇನ್ನೊಂದು ದೋಷ: ಕಣ್ಣು ಮುಚ್ಚಿ ಹಾಡುವುದು. ಕಣ್ಣು ಮುಚ್ಚಿದರೆ ಭಕ್ತಿ ಜಾಸ್ತಿ ಅಂತ ನಾವು ತಿಳಿದಿದ್ದೇವೆ. ಚಕ್ರದ ದಳಗಳನ್ನು ಎಣಿಸಿ ಕೊಟ್ಟವನೇ ಅದನ್ನು ಕಾಗೆ ದನಿ, ಒಂಟೆ ಕತ್ತಿನ ಸಾಲಿಗೆ ಸೇರಿಸಿದ್ದಾನೆ. ಎದುರಿಗೆ ಜನ ಕೂತಿದ್ದಾರೆ, ಅವರನ್ನು ನೋಡಿ ಹಾಡು ಮಾರಾಯ ಅಂತ.