ಹಿಂದೆ ಕಡಲು, ಮುಂದೆ ಕಾಮಗಾರಿ

ಕಡಲು ಏರುತ್ತಿರುವುದು ಸರ್ಕಾರಕ್ಕೆ ಗೊತ್ತಿಲ್ಲ ಅನ್ನಬೇಡಿ. ಚೆನ್ನಾಗಿ ಗೊತ್ತು. ಭರತದ, ಅಂದರೆ ಕಡಲುಬ್ಬರದ, ನೀರು ನುಗ್ಗುವ ಹೊಳೆಗಳ ದಡದಲ್ಲಿ 2011ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ 100 ಮೀಟರ್ ಜಾಗ ಕಾಯ್ದಿತ್ತು. 2019ರದ್ದು 50ಕ್ಕೆ ಇಳಿಸಿತು. ಕಡಲಿಗೆ ವರ್ಷಕ್ಕೆ ಮೂರು-ನಾಲ್ಕು ಮಿಲಿಮೀಟರ್ ಏರುವುದರಲ್ಲೇ ಏದುಸಿರು. ನಾವು ಒಂದೇ ಸಹಿಯಲ್ಲಿ ಐವತ್ತು ಮೀಟರ್ ಮುಗಿಸಿದೆವು. (ಹೊಳೆಯ ಅಗಲ ಅದಕ್ಕಿಂತ ಕಮ್ಮಿಯಿದ್ದರೆ ಅಗಲದಷ್ಟೇ. ಸಣ್ಣ ಹೊಳೆಗೆ ಸಣ್ಣ ಕಾನೂನು.)

ಕಡಲೇರಿಕೆಯನ್ನೂ ಲೆಕ್ಕ ಹಿಡಿದು ಒಂದು ಅಪಾಯರೇಖೆ ಎಳೆಸಿದ್ದರು. ಅದು ವಿಪತ್ತು ನಿರ್ವಹಣೆಗೆ ಮಾತ್ರವಂತೆ, ಕಟ್ಟಡ ತಡೆಯಲು ಅಲ್ಲ. ಉಪ್ಪಿನ ಲೆಕ್ಕವೂ ಇದೆ: ಕಡುಬೇಸಿಗೆಯಲ್ಲಿ ಹೊಳೆನೀರಲ್ಲಿ ಸಾವಿರಕ್ಕೆ ಐದು ಪಾಲು ಉಪ್ಪು ಸಿಗುವಲ್ಲಿಯವರೆಗೆ ಮಾತ್ರ ಈ ಕಾನೂನು. ಅಳೆದು ಹೋದ ಮೇಲೆ ಉಪ್ಪು ಇನ್ನೂ ಮೇಲಕ್ಕೆ ಬಂದರೆ ತಪ್ಪು ಉಪ್ಪಿನದೇ.

2024ರಲ್ಲಿ ರಾಮ್ಸಾರ್ ಪಟ್ಟ (ಜಗತ್ತಿನ ಮಹತ್ವದ ಜೌಗುನೆಲವೆಂಬ ಮನ್ನಣೆ) ಘೋಷಣೆಯಾದ ಉತ್ತರ ಕನ್ನಡದ ಅಘನಾಶಿನಿ ಹೊಳೆಬಾಯಿಯ ಗಜನಿಗಳನ್ನು, ಅಂದರೆ ಉಪ್ಪುನೀರಿನ ಗದ್ದೆಗಳನ್ನು ನೋಡಿ. ಹಿಂದೆ ಮಣ್ಣಿನ ಒಡ್ಡು, ಅದಕ್ಕೊಂದು ಜಂತ್ರ, ಹಲಗೆಯ ತೂಬು. ಭರತಕ್ಕೆ ಹಲಗೆ ಮುಚ್ಚಿ, ಇಳಿತಕ್ಕೆ ತೆರೆದು, ಮಳೆನೀರಲ್ಲಿ ಉಪ್ಪು ತೊಳೆದು ಕಗ್ಗ ಎಂಬ ಉಪ್ಪು ತಾಳುವ ಭತ್ತ ಬೆಳೆಯುತ್ತಿದ್ದರು. ಕೊಯ್ಲಾದ ಮೇಲೆ ಅದೇ ಬಾಗಿಲಲ್ಲಿ ಉಪ್ಪುನೀರಿನ ಜೊತೆ ಸಿಗಡಿ ಒಳಗೆ. ಈಗ ಎಲ್ಲಕ್ಕೂ ಉತ್ತರ ಎತ್ತರದ ಗೋಡೆ. ಆಗಲಿ. ಆದರೆ ಜಂತ್ರಕ್ಕೆ ಪಂಪಿಲ್ಲ, ಗದ್ದೆಗಿಂತ ಹೊಳೆ ಕೆಳಗಿದ್ದಾಗ ಮಾತ್ರ ನೀರು ಹೊರಬೀಳುತ್ತದೆ. ಕಡಲು ಏರಿದಷ್ಟೂ ಆ ಹೊತ್ತು ಪ್ರತಿ ಇಳಿತದಲ್ಲೂ ಕುಗ್ಗುತ್ತದೆ. ಗೋಡೆಯನ್ನು ಇನ್ನೂ ಮೂರಡಿ ಏರಿಸಿ: ಕಡಲಿನಿಂದ ಬಚಾವಾದ ಗದ್ದೆ ಆಷಾಢದ ಮಳೆಯಲ್ಲಿ ಮುಳುಗುತ್ತದೆ.

ಗೋಡೆಯಾಚೆಯ ಕಾಂಡ್ಲ (ಮ್ಯಾಂಗ್ರೋವ್) ಬೇರಲ್ಲಿ ಕೆಸರು ಹಿಡಿದು ತನ್ನ ನೆಲ ತಾನೇ ಏರಿಸಿಕೊಳ್ಳುತ್ತದೆ. ಅದೂ ಸಾಲದಾದರೆ ಮರಿಗಿಡಗಳು ದಡದತ್ತ ಸರಿಯಬೇಕು. ದಡದಲ್ಲಿ ಗೋಡೆ.

ಹಾಗಂತ ಇಂಥ ಹೊಳೆಬಾಯಿಗಳಲ್ಲಿ ವನಮಹೋತ್ಸವ ನಿಲ್ಲುವುದುಂಟೇ? ಜುಲೈ ಮೊದಲ ವಾರ ಬುಟ್ಟಿಗಟ್ಟಲೆ ಕಾಂಡ್ಲದ ಕೋಡು ಬರುತ್ತದೆ, ನೋಡಲು ನುಗ್ಗೆಕಾಯಿ. ಮೂರನೇ ಒಂದು ಭಾಗ ಕೆಸರಿಗೆ ಚುಚ್ಚಿದರೆ ಸಾಕು, ಗುಂಡಿ ಬೇಡ. ಗುಂಡಿ ಎಸ್ಟಿಮೇಟಿನಲ್ಲಿ ಮಾತ್ರ. ಆದರೆ ದಿನಕ್ಕೆ ಹಲವು ತಾಸು ನೀರಿಂದ ಹೊರಗಿರುವ ನೆಲ ಬೇಕು. ಅದು ಗೋಡೆಗೆ ಹೋಗಿದೆ. ಸಾಹೇಬರು ಇಳಿತದ ಹೊತ್ತು ನೋಡಿ, ಪ್ಯಾಂಟು ಮಡಚಿ, ಕೆಳಗಿನ 'ಖಾಲಿ' ಕೆಸರಿಗೇ ಇಳಿಯುತ್ತಾರೆ. ಆ ಖಾಲಿಯಲ್ಲಿ ಹೆಂಗಸರು ಬೆಳಚು ಎಂಬ ಚಿಪ್ಪುಜೀವಿ ಕೆರೆದು ಸಂಸಾರ ನಡೆಸುತ್ತಾರೆ, ಹಕ್ಕಿಗಳು ಮೇಯುತ್ತವೆ.

ಫೋಟೊ ಆದ ಆರು ತಾಸಿಗೆ ಭರತ. ಕೊಚ್ಚಿಹೋಗದೆ ಉಳಿದ ಗಿಡಕ್ಕೆ ಬಾರ್ನಕಲ್ ಎಂಬ ಅಂಟುಜೀವಿಯ ಚಿಪ್ಪು ಮೆತ್ತಿ ಸೊಂಟ ಬಗ್ಗುತ್ತದೆ. ಬರುವ ಜುಲೈಗೆ ಜಾಗ ಮತ್ತೆ ಖಾಲಿ, ವನಮಹೋತ್ಸವದ ಬೋರ್ಡು ಗಟ್ಟಿ. ಇಸವಿಯ ಕೊನೆಯ ಅಂಕಿಗಷ್ಟೇ ಹೊಸ ಬಣ್ಣ.