ಅಣ್ಣನ ಎದೆನೋವು

ಹೋದ ತಿಂಗಳು ಅಣ್ಣನಿಗೆ ಹಾರ್ಟ್ ಅಟ್ಯಾಕ್ ಆಯಿತು. ಅವನಿಗೆ 47. ಗಾರೆ ಕೆಲಸದವನು. ಇನ್ನು ಸಿಮೆಂಟ್ ಮೂಟೆ ಎತ್ತುವ ಹಾಗಿಲ್ಲ, ಏಣಿ ಹತ್ತುವ ಹಾಗಿಲ್ಲ. ಕುಡಿಯುವವನಲ್ಲ, ಬೀಡಿ ಮುಟ್ಟಿದವನಲ್ಲ, ಕಡ್ಡಿ ಹಾಗಿದ್ದಾನೆ. ಆದರೂ ನೋಡಲು ಬಂದವರೆಲ್ಲ "ಸ್ವಲ್ಪ ಬಾಯಿ ಕಟ್ಟಬೇಕಿತ್ತು ಕಣಪ್ಪ" ಅಂದರು. ಅವನು ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ನನಗೆ ತಡೆಯಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣ ಹೊಟ್ಟೆಯಲ್ಲಿದ್ದಾಗ ಅಮ್ಮ ಕೂಲಿಗೆ ಕಳೆ ಕೀಳಲು ಹೋಗುತ್ತಿದ್ದಳು. ಸಂಜೆ ಬಂದು ಎಲ್ಲರಿಗೂ ಬಡಿಸಿ, ಉಳಿದರೆ ಅವಳ ಊಟ. ಅಜ್ಜಿ ಬೇರೆ "ಜಾಸ್ತಿ ತಿಂದರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ" ಅನ್ನುತ್ತಿದ್ದರಂತೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿದರೆ ಅರ್ಧ ಮೊರವೂ ತುಂಬಿರಲಿಲ್ಲ ಎಂದು ಅಮ್ಮ ಈಗಲೂ ಹೇಳುತ್ತಾಳೆ.

ಅದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ ಎಂದು ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, 1934ರಷ್ಟು ಹಿಂದೆಯೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷೆ ಮಾಡಿದರು. 2.5 ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಮೇಲಿದ್ದವರಲ್ಲಿ ನೂರಕ್ಕೆ 3 ಮಂದಿಗೆ. ಕೂಸೂ ಸಣ್ಣ, ಬಸುರಿನಲ್ಲಿ ತಾಯಿಯೂ 45 ಕಿಲೋ ಒಳಗೆ ಅಂತಾದರೆ ನೂರಕ್ಕೆ 20!

ಹೊಟ್ಟೆಯಲ್ಲಿ ಊಟ ಸಾಲದಿದ್ದಾಗ ಮಗುವಿನ ದೇಹ ಇದ್ದದ್ದರಲ್ಲಿ ಮೊದಲು ಮೆದುಳನ್ನು ಕಾಪಾಡಿಕೊಳ್ಳುತ್ತದೆ. ಬೇರೆ ಅಂಗಗಳಿಗೆ ಕೊರತೆ ಬೀಳುತ್ತದೆ. ಕಿಡ್ನಿಯನ್ನೇ ನೋಡಿ. ರಕ್ತ ಸೋಸುವ ಅದರ ಸಣ್ಣ ಸಣ್ಣ ಜಾಲರಿಗಳು ತಿಂಗಳು ತುಂಬುವ ಹೊತ್ತಿಗೆ ಎಷ್ಟಾಗಿರುತ್ತವೋ ಅಷ್ಟೇ. ಆಮೇಲೆ ಎಷ್ಟು ತುಪ್ಪ ತಿನ್ನಿಸಿದರೂ ಹೊಸದು ಬರುವುದಿಲ್ಲ. ಅವು ಕಡಿಮೆ ಇದ್ದರೆ ಮುಂದೆ ಬಿಪಿ ಬರುವುದು ಸುಲಭ.

ಶುಗರ್ ವಿಷಯ ಇಷ್ಟು ನೇರ ಅಲ್ಲ. ಅದೇ ಮೈಸೂರಿನ ದಾಖಲೆಗಳಲ್ಲಿ ಕುಳ್ಳಗೆ, ದುಂಡಗೆ ಹುಟ್ಟಿದವರಿಗೆ ಶುಗರ್ ಜಾಸ್ತಿ ಕಂಡಿತ್ತು.

ಅಣ್ಣನ ಎದೆನೋವಿಗೆ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಅಮ್ಮನದು ತಪ್ಪು ಅಂತಲೂ ಅಲ್ಲ. ತಟ್ಟೆಗೆ ಹಾಕಿಕೊಳ್ಳುವ ಅಧಿಕಾರವೇ ಅವಳಿಗಿರಲಿಲ್ಲ, ಅಲ್ವಾ? 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ. ಆದರೆ ಕೂಲಿ ಬಿಟ್ಟು, ಬಿಸಿಲಲ್ಲಿ ನಡೆದು ಹೋಗಿ ಉಣ್ಣಬೇಕು ಅಂದರೆ ಎಷ್ಟು ಜನರಿಗೆ ಆಗುತ್ತದೆ? ಊಟವೇ ಅವಳಿದ್ದಲ್ಲಿಗೆ ಹೋಗಬೇಕು.

ಅಣ್ಣನ ಮಗಳು ಈಗ ನಾಲ್ಕು ತಿಂಗಳ ಬಸುರಿ. ಅಪ್ಪನನ್ನು ನೋಡಿಕೊಳ್ಳಲು ಬಂದಿದ್ದಾಳೆ. ತಾಯಿ ಕಾರ್ಡಿನಲ್ಲಿ ಅವಳ ತೂಕ 43 ಕಿಲೋ. ಅದನ್ನು ಓದಿ ಹೇಳಿದ ದಿನದಿಂದ ಅಮ್ಮ ಮೊದಲ ಮುದ್ದೆಯನ್ನು ಅವಳ ತಟ್ಟೆಗೇ ಹಾಕುತ್ತಿದ್ದಾಳೆ. ಮುಂದಿನ ವಾರ ಅವಳು ಗಂಡನ ಮನೆಗೆ ಹೊರಡುತ್ತಾಳೆ. ಅಲ್ಲಿ ಅವಳು ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು. ಬೀಗರ ಹತ್ತಿರ ಈ ಮಾತು ಹೇಗೆ ಎತ್ತುವುದು ಎಂದು ಅಮ್ಮ ದಿನಾ ನನ್ನನ್ನು ಕೇಳುತ್ತಿದ್ದಾಳೆ.