ಊರು ಬಿಟ್ಟು ಕದಲದ ಬಂದೂಕು

ನಮ್ಮ ಕಾಕಾ ಒಂದು ಹಳೇ ಜೋಡು ನಳಿಗೆ ಬಂದೂಕು ಕೊಂಡಿದ್ದಾರೆ. ಕೊಂಡಿದ್ದಾರೆ ಅಂದರೆ ಮುಂಗಡ ಕೊಟ್ಟಿದ್ದಾರೆ, ಅಷ್ಟೇ. ಬಂದೂಕು ಇನ್ನೂ ಗದಗ ಜಿಲ್ಲೆಯ ಒಂದು ಊರಿನ ದೇಸಾಯರ ವಾಡೆಯಲ್ಲೇ ಇದೆ. ಕಾಕಾ ಇರುವುದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿ. ಗೋವಿನಜೋಳ ತೆನೆ ಹಿಡಿದರೆ ಸಾಕು, ಹೊಲಕ್ಕೆ ಹಂದಿ ನುಗ್ಗುತ್ತವೆ. ಬೆಳೆ ಕಾಯಲು ಅಂತ ಲೈಸನ್ಸ್ ಏನೋ ಆಗಿದೆ. ಹೊಸದೇ ತಗೊಳ್ರಿ ಅಂದರೆ ಕೇಳಲಿಲ್ಲ. "ಬರ್ಮಿಂಗ್‌ಹ್ಯಾಮ್ ಮಾಲು ಅದು. ನನಗಿಂತ ಗಟ್ಟಿ ಐತಿ" ಅಂದರು.

ಬಂದೂಕು ಗಟ್ಟಿ ಇದೆ, ನಿಜ. ಅದರ ಕಾಗದ ಗಟ್ಟಿ ಇಲ್ಲ.

ಅದು ವಾಡೆಗೆ ಬಂದಾಗ ಆ ಊರು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. 1997ರಲ್ಲಿ ಧಾರವಾಡ ಒಡೆದು ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಬಂದದ್ದು ಬಿಟ್ಟರೆ ಎಲ್ಲಿಗೂ ಹೋಗದ ಬಂದೂಕು, ಕೂತಲ್ಲೇ ಮೂರು ಸಲ ವಿಳಾಸ ಬದಲಿಸಿತು. 1996ರಲ್ಲಿ ಕೊಂಡಿದ್ದರೆ ಮಾರುವವರೂ ಕೊಳ್ಳುವವರೂ ಒಂದೇ ಜಿಲ್ಲೆಯವರು. ಈಗ ಎರಡು ಜಿಲ್ಲೆ, ಎರಡು ಕಚೇರಿ, ನಡುವೆ ಓಡಾಡುವ ಪತ್ರಗಳು.

ಕಾನೂನಿನಲ್ಲೇ ಒಂದಿಷ್ಟು ನಿಧಾನ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ, ತಮ್ಮ ಬಂದೂಕು ಮಾರುವವರು ಯಾರಿಗೆ ಮಾರುತ್ತೇವೆ ಅಂತ ಬರೆದು ತಿಳಿಸಿ 45 ದಿನ ಕಾಯಬೇಕು. ಇದಕ್ಕೆ ನನ್ನ ತಕರಾರಿಲ್ಲ. ಸಂತೆಯಲ್ಲಿ ಹಗ್ಗ ಕೈ ಬದಲಾಯಿಸಿ ಹೊಡೆದುಕೊಂಡು ಬರಲು ಬಂದೂಕೇನು ಎಮ್ಮೆಯೇ?

ತೊಡಕಾದದ್ದು ನಂಬರಿನಲ್ಲಿ. ನಳಿಗೆ ಮೇಲಿನ ಕೊನೆಯ ಅಂಕಿ ಮೂರೂ ಇರಬಹುದು, ಎಂಟೂ ಇರಬಹುದು. ದೇಸಾಯರ ಮನೆಯವರು ಎಣ್ಣೆ ಹಚ್ಚಿ ಒರೆಸಿ ಒರೆಸಿ ಅದು ಸವೆದಿದೆ. ಹಳೇ ಲೈಸನ್ಸ್ ಪುಸ್ತಕದಲ್ಲಿ ಮೂರು. ಕಂಪ್ಯೂಟರಿಗೆ ಏರಿಸಿದವರಿಗೆ ಎಂಟು ಕಂಡಿದೆ. ಇಷ್ಟು ಅಂಕಿ ನೋಡುವವರು ಇನ್ನೊಂದು ಅಂಕಿ, ಎಷ್ಟು ಉದ್ದದ ತೋಟಾಕ್ಕೆ ಮಾಡಿದ ಬಂದೂಕು ಅಂತ, ಕೇಳುವುದೇ ಇಲ್ಲ. ಹಳೇ ಇಂಗ್ಲಿಷ್ ಬಂದೂಕುಗಳಲ್ಲಿ ಎಷ್ಟೋ ಎರಡೂವರೆ ಇಂಚಿನ ತೋಟಾಕ್ಕೆ ಮಾಡಿದಂಥವು. ಈಗಿನ ತೋಟಾ ಸಾಮಾನ್ಯವಾಗಿ ಎರಡೂ ಮುಕ್ಕಾಲು ಇಂಚು. ತುಂಬಿದರೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹಾರಿಸಿದಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯೊಳಗೆ ಒತ್ತಡ ಏರುತ್ತದೆ. ಕಾಕಾ ತುಂಬಿದ ಅರ್ಜಿಯಲ್ಲಿ ತಂದೆಯ ಹೆಸರಿಗೆ ಜಾಗ ಇತ್ತು, ಇದಕ್ಕೆ ಇರಲಿಲ್ಲ.

ನಂಬರಿನ ಪತ್ರಕ್ಕೆ ಉತ್ತರ ಬರುವ ಮೊದಲೇ 2024ರ ಲೋಕಸಭೆ ಚುನಾವಣೆ ಬಂತು. ಇದ್ದ ಬಂದೂಕುಗಳನ್ನೇ ಠಾಣೆಗೆ ಜಮಾ ಮಾಡಿಸಿಕೊಳ್ಳುವ ಹೊತ್ತಲ್ಲಿ ಇನ್ನೊಂದನ್ನು ಯಾರು ಬರೆದುಕೊಡುತ್ತಾರೆ? ಮೇ 7ಕ್ಕೆ ಮತದಾನ ಆಯಿತು. ನಮ್ಮ ಶಿಗ್ಗಾವಿ ಶಾಸಕರೇ ಹಾವೇರಿಯಿಂದ ಗೆದ್ದು ದಿಲ್ಲಿಗೆ ಹೋದರು. ಕಾಕಾಗೆ ಭಾಳ ಖುಷಿ. ಶಾಸಕರ ಜಾಗ ಖಾಲಿಯಾದರೆ ಉಪಚುನಾವಣೆ ಬರುತ್ತದೆ ಅಂತ ಹೊಳೆಯುವವರೆಗೆ. ನವೆಂಬರ್ 13ಕ್ಕೆ ಮತ್ತೆ ಮತದಾನ, ಅದಕ್ಕೂ ಮೊದಲು ಮತ್ತೆ ನೀತಿಸಂಹಿತೆ.

ಆ ದೀಪಾವಳಿಯಲ್ಲಿ ಉಳಿದ ಪಟಾಕಿ ತಂದು ಕಾಕಾ ಹೊಲದಲ್ಲಿ ಹಚ್ಚಿದರು. ಹಂದಿ ಓಡಿದವು. ಬಂದೂಕು ಬಂದರೂ ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕಲ್ವಾ, ಪಟಾಕಿಯೇ ಸಾಕು, ಮುಂಗಡ ವಾಪಸ್ ತಗೊಳ್ರಿ ಅಂದೆ.

"ಮುಂಗಡದ ಮಾತಲ್ಲೋ ತಮ್ಮಾ" ಅಂದರು. "ಮೂರೋ ಎಂಟೋ ಅನ್ನೋದು ಒಮ್ಮೆ ತೀರ್ಮಾನ ಆಗ್ಲಿ."